ಫ್ರೀ ಟಿಕೆಟ್ಟಿನ ಗೆಳತಿಯರು

ಬಸ್ಸಿನ ಗೆಳೆತನ ಬಸ್ಸಿಳಿದರೆ ಮುಗಿಯಿತು ಎನ್ನುತ್ತಾರೆ. ಮುಗಿಯುವುದೂ ಉಂಟು. ಆದರೆ ಡಬ್ಬಿಯ ಮುಚ್ಚಳದಲ್ಲಿ ಅವಲಕ್ಕಿ ಹಾಕಿ "ತಗೊಳ್ಳಿ, ಮನೇದು" ಎಂದವರು ನಾವು ಇಳಿಯುವ ಊರಿನಲ್ಲೇ ಇಳಿದರೆ ಏನು ಮಾಡುವುದು, ಹೇಳಿ?

ಹುಬ್ಬಳ್ಳಿಯಲ್ಲಿ ಬಾದಾಮಿ ಬಸ್ಸು ಹತ್ತಿದಾಗ ನಾನು ಒಬ್ಬಳೇ. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಶುರುವಾದ ಮೇಲೆ ನನ್ನ ವಯಸ್ಸಿನವರಿಗೂ ಈ ಧೈರ್ಯ ಬಂದಿದೆ. ಮೂವರ ಸೀಟಿನಲ್ಲಿ ನನ್ನ ಜೊತೆಗಿದ್ದವರು ದಾವಣಗೆರೆಯಲ್ಲಿ ಬಟ್ಟೆ ಹೊಲಿಯುವ ಒಬ್ಬರು, ಸಾಗರದ ಕಡೆಯ ಅಡಿಕೆ ತೋಟದ ಮನೆಯವರೊಬ್ಬರು. ಹೆಸರು ಕೇಳಿಕೊಳ್ಳುವ ಮೊದಲೇ, ನರಗುಂದ ದಾಟುವಷ್ಟರಲ್ಲಿ, ನಾನು 'ಟೀಚರ್', ಆಕೆ 'ದಾವಣಗೆರೆ', ಹಿರಿಯರು 'ಸಾಗರದಕ್ಕ' ಆಗಿಹೋಗಿದ್ದೆವು. ಆ ರಾತ್ರಿ ಒಂದೇ ಲಾಡ್ಜಿನಲ್ಲಿ ಉಳಿದೆವು.

28 ವರ್ಷದಿಂದ ಚಾಲುಕ್ಯರ ಪಾಠ ಮಾಡುತ್ತಿದ್ದರೂ ನಾನು ಬಾದಾಮಿ ನೋಡಿದ್ದು ಅದೇ ಮೊದಲು. ನಮ್ಮ ತುಮಕೂರು ಸೀಮೆಯ ಶಾಲಾ ಪ್ರವಾಸವೆಂದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಕತ್ತಲಾಗುವ ಮುಂಚೆ ಮಕ್ಕಳನ್ನು ಮನೆ ಮುಟ್ಟಿಸಬೇಕಲ್ಲ. ಹಾಗಾಗಿ ಬೆಳಿಗ್ಗೆ ಮೊದಲ ಗುಹೆಯ ಮುಂದೆ ನಿಂತಾಗ ಮಾತು ಹೊರಡಲಿಲ್ಲ. ಪುಸ್ತಕದ ಕಪ್ಪುಬಿಳುಪು ಚಿತ್ರದಲ್ಲಿ ಆ ಕಲ್ಲಿನ ಕೆಂಪು ಎಲ್ಲಿತ್ತು? ದಾವಣಗೆರೆ ಮಾತ್ರ ನಟರಾಜನ ಕೈಗಳನ್ನು ಎಣಿಸುತ್ತಿದ್ದಳು. "ಹದಿನೆಂಟು! ನನಗಿಷ್ಟು ಇದ್ದಿದ್ರೆ ದೀಪಾವಳಿ ಬ್ಲೌಸೆಲ್ಲ ಹಿಂದಿನ ವಾರವೇ ಮುಗೀತಿದ್ವು ಟೀಚರ್."

ಮೂರನೆಯ ಗುಹೆ ಎಲ್ಲಕ್ಕಿಂತ ದೊಡ್ಡದು. ಮಂಗಳೇಶ ಮಾಡಿಸಿದ್ದು, ಅಲ್ಲಿ 578ರ ಶಾಸನವಿದೆ ಎಂದು ನಾನು ಪಾಠ ಶುರುಮಾಡಿದ್ದೆನಷ್ಟೆ, ಕೋತಿಯೊಂದು ಸಾಗರದಕ್ಕನ ಚೀಲದಿಂದ ಬಾಳೆಹಣ್ಣು ಎಳೆದುಕೊಂಡು ಓಡಿತು. ಅವರು ಬೆಚ್ಚಲೂ ಇಲ್ಲ. "ತೋಟದಲ್ಲಿ ಇವುಗಳನ್ನು ಕಾದು ಸಾಕಾಗಿ ಇಲ್ಲಿಗೆ ಬಂದೆ. ಇಲ್ಲೂ ಬಂದವಾ?" ಎಂದರು. ಮೆಟ್ಟಿಲ ಮೇಲೆ ಕೂತು ನಕ್ಕೆವು. ಕೆಳಗೆ ಅಗಸ್ತ್ಯತೀರ್ಥದ ದಂಡೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಆ ಸದ್ದು ಎದುರಿನ ಬಂಡೆಗೆ ಬಡಿದು ಮತ್ತೊಮ್ಮೆ ಕೇಳಿಸುತ್ತಿತ್ತು.

ಆಟೋದವನನ್ನು ದಿನಕ್ಕೆಂದು ಮಾತಾಡಿಕೊಂಡು ಬನಶಂಕರಿಗೆ ಹೋದೆವು. ಊಟವಾದದ್ದು ಅಲ್ಲೇ, ಮರದ ನೆರಳಿನಲ್ಲಿ. ಬುಟ್ಟಿ ಹೊತ್ತು ಬಂದ ಅಜ್ಜಿ "ಉಣ್ರಿ ಯವ್ವಾ, ನಾಚಬ್ಯಾಡ್ರಿ" ಎನ್ನುತ್ತ ಜೋಳದ ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ, ಗುರೆಳ್ಳು ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು ಬಡಿಸಿದಳು. ಮುದ್ದೆ ಉಣ್ಣುವ ನಾನು ಮೂರು ರೊಟ್ಟಿ ತಿಂದೆ. ಯಾರೋ ಬಡಿಸುತ್ತಾರೆ, ನಾವು ಕೂತು ತಿನ್ನುತ್ತೇವೆ! ಮದುವೆಮನೆಯಲ್ಲೂ ನಮಗೆ ಆ ಭಾಗ್ಯ ಕೊನೆಯ ಪಂಕ್ತಿಯಲ್ಲೇ.

ಬಿಸಿಲು ಇಳಿಮುಖವಾದಾಗ ಪಟ್ಟದಕಲ್ಲು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ, ಬಾದಾಮಿಯಿಂದ ಸುಮಾರು 22 ಕಿಲೋಮೀಟರ್. ಇಲ್ಲಿ ನನ್ನ ಪಾಠಕ್ಕೆ ಕೋತಿ ಅಡ್ಡ ಬರಲಿಲ್ಲ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಗೆದ್ದರೂ ಅಲ್ಲಿಯ ಕೈಲಾಸನಾಥನ ಸಂಪತ್ತನ್ನು ದೋಚದೆ ದೇವರಿಗೇ ಬಿಟ್ಟುಕೊಟ್ಟ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ವಿರೂಪಾಕ್ಷ ದೇವಾಲಯ ಕಟ್ಟಿಸಿದಳು. ಪಕ್ಕದ ಮಲ್ಲಿಕಾರ್ಜುನವನ್ನು ಕಟ್ಟಿಸಿದವಳು ತ್ರೈಲೋಕ್ಯಮಹಾದೇವಿ, ಅವಳ ತಂಗಿ, ಸವತಿಯೂ ಹೌದು.

ಸಾಗರದಕ್ಕ ನಡೆಯುವುದನ್ನು ನಿಲ್ಲಿಸಿದರು. "ಅಕ್ಕತಂಗಿಯರಾ? ಇಷ್ಟು ಹತ್ತಿರವೇ ಕಟ್ಟಿಸಿದರಾ?"

"ಹೌದಕ್ಕಾ."

"ಜಗಳ ಆಡಲಿಲ್ಲವಾ?"

"ಶಾಸನದಲ್ಲಿ ಅದನ್ನೆಲ್ಲ ಬರೆಸುವುದಿಲ್ಲ" ಎಂದೆ. ದಾವಣಗೆರೆ ನಕ್ಕಳು. ಅಕ್ಕ ನಗಲಿಲ್ಲ.

ಎರಡು ಗುಡಿಗಳ ನಡುವಿನ ಹುಲ್ಲಿನ ಮೇಲೆ ಕೂತು ಹೇಳಿದರು. ತಾಯಿ ತೀರಿಕೊಂಡ ಮೇಲೆ ತೋಟ ಪಾಲಾಯಿತು. ನೀರಿನ ಬಾವಿ ಯಾರ ಪಾಲಿಗೆ ಎಂಬಲ್ಲಿ ಮಾತು ಮುರಿಯಿತು. ಒಂಬತ್ತು ವರ್ಷವಾಯಿತಂತೆ. ತಂಗಿಯ ಮನೆ ಬೇಲಿಯಾಚೆಗೇ ಇದೆ; ಅವಳು ಕೆಮ್ಮಿದರೂ ಕೇಳುತ್ತದೆ. "ಕಳೆದ ಮಳೆಗಾಲದಲ್ಲಿ ತುಂಬ ಕೆಮ್ಮುತ್ತಿದ್ದಳು. ಕಷಾಯ ಕುದಿಸಿದೆ. ಕೊಟ್ಟು ಕಳಿಸುವವರು ಯಾರು? ನಾನೇ ಕುಡಿದೆ."

ಇಂಥ ಹೊತ್ತಿನಲ್ಲಿ ಬುದ್ಧಿ ಹೇಳುವುದು ನಮ್ಮ ವೃತ್ತಿಯವರ ಚಟ. ಅಂದು ನಾನು ಬಾಯಿ ಬಿಗಿಹಿಡಿದೆ. ದಾವಣಗೆರೆಯೇ ಎದ್ದು ಅಕ್ಕನ ಸೆರಗಿಗಂಟಿದ್ದ ಹುಲ್ಲು ಕೊಡವಿ, "ಬರ್ರಿ ಅಕ್ಕಾ, ಮಲಪ್ರಭೆ ನೋಡೋಣ. ಇಲ್ಲಿ ಉತ್ತರಕ್ಕೆ ಹರೀತಾಳಂತೆ" ಎಂದು ಕೈ ಹಿಡಿದಳು. (ಇದನ್ನು ಬರೆಯಲೇ ಎಂದು ಆಮೇಲೆ ಫೋನಿನಲ್ಲಿ ಕೇಳಿದೆ. "ಬರೆಯಿರಿ, ಹೆಸರು ಮಾತ್ರ ಬೇಡ" ಎಂದರು.)

ಐಹೊಳೆಗೆ ಹೊತ್ತು ಸಾಲಲಿಲ್ಲ. ಬಾದಾಮಿಗೆ ಮರಳಿ ಪೇಟೆಯ ಅಂಗಡಿಯೊಂದರಲ್ಲಿ ಗುಳೇದಗುಡ್ಡದ ಖಣ ನೋಡಿದೆವು. ದಾವಣಗೆರೆ ಬಟ್ಟೆಯನ್ನು ಬೆಳಕಿಗೆ ಹಿಡಿದು, ಅಂಚು ತಿರುವಿ, ನೇಯ್ಗೆ ಪರೀಕ್ಷಿಸುವುದನ್ನು ಕಂಡು ಅಂಗಡಿಯವನು ತಾನಾಗಿಯೇ ದರ ಇಳಿಸಿದ. ನಾನು ಹಸಿರು ಆರಿಸಿಕೊಂಡೆ. ಸಾಗರದಕ್ಕ ಬಹಳ ಹೊತ್ತು ನೋಡಿ, ಕುಂಕುಮ ಬಣ್ಣದ ಒಂದನ್ನು ತೆಗೆದಿಟ್ಟರು.

"ಇದರಲ್ಲೇ ಇನ್ನೊಂದು ಕೊಡಪ್ಪ" ಎಂದರು. "ಬೇರೆ ಬೇರೆ ಕಟ್ಟು."