ಚಿಪ್ಪು ಬೋರಲು ಹಾಕಿ

ನಮ್ಮ ಬಿಳಿಗೆರೆ ಕಡೆ ತೆಂಗಿನ ಚಿಪ್ಪು ಅಂದರೆ ಕಸವಲ್ಲ, ಕಾಸು. ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗುಡುಗುಡು ಅಂದ ಮೇಲೆ ಇಳಿಸಿ, ಸುಲಿದು, ಒಡೆದು ಉಂಡೆ ತೆಗೆಯುತ್ತೇವೆ. ಉಂಡೆ ತಿಪಟೂರಿನ ಪೇಟೆಗೆ, ಮಟ್ಟೆ ನಾರಿಗೆ, ಚಿಪ್ಪು ಇದ್ದಿಲಿಗೆ. ವ್ಯಾಪಾರಿ ಬರುವ ತನಕ ಚಿಪ್ಪು ಹಿತ್ತಿಲಲ್ಲಿ ಗುಡ್ಡೆ ಬಿದ್ದಿರುತ್ತದೆ. ಒಂದು ಹದ ಮಳೆ ಬಂದರೆ ಸಾಕು, ಒಂದೊಂದು ಚಿಪ್ಪೂ ಒಂದೊಂದು ಪುಟ್ಟ ಕೆರೆ.

ಆ ಕೆರೆಗಳಲ್ಲಿ ಏನು ಬೆಳೆಯುತ್ತದೆ ಎಂದು ಊರು ಬಗ್ಗಿ ನೋಡಿದ್ದು 2006ರಲ್ಲಿ, ಚಿಕುನ್‌ಗುನ್ಯಾ ಬಂದಾಗ. ಆ ವರ್ಷ ರಾಜ್ಯದಲ್ಲಿ 7.5 ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳು ಲೆಕ್ಕಕ್ಕೆ ಸಿಕ್ಕರು. ದೇಶದ ಬೇರೆ ಯಾವ ರಾಜ್ಯದಲ್ಲೂ ಅಷ್ಟಿರಲಿಲ್ಲ. ಜ್ವರವೇನೋ ಕೆಲವೇ ದಿನದಲ್ಲಿ ಬಿಡುತ್ತಿತ್ತು, ಕೀಲುನೋವು ಬಿಡುತ್ತಿರಲಿಲ್ಲ. ದಿನವಿಡೀ ನಿಂತು ಕಾಯಿ ಸುಲಿಯುತ್ತಿದ್ದ ಗಟ್ಟಿ ಆಳುಗಳು ಕಾಫಿ ಲೋಟ ಎತ್ತಲಾರದೆ ಜಗಲಿ ಮೇಲೆ ಕೂತುಬಿಟ್ಟರು. ಸುಲಿಯುವ ಕೈ ಕೂತರೆ ಆ ಮನೆಯ ಒಲೆಯೂ ಕೂತಂತೆಯೇ.

ನಾನಾಗ ಮೇಷ್ಟರ ಕೆಲಸದಲ್ಲಿದ್ದೆ. ಮೊದಲ ತೊಡಕು ಬಂದದ್ದು ಹೆಸರಿನಿಂದ. ಜನರ ಬಾಯಲ್ಲಿ ಅದು ‘ಚಿಕನ್ ಗುನ್ಯಾ’ ಆಯಿತು, ಕೋಳಿಯಿಂದ ಬರುವ ಕಾಯಿಲೆ ಅಂತಲೂ ಆಯಿತು. ಅದೇ ವರ್ಷ ಮಹಾರಾಷ್ಟ್ರದ ನವಾಪುರದಲ್ಲಿ ಕೋಳಿಗಳಿಗೆ ಹಕ್ಕಿಜ್ವರ ಬಂದಿದ್ದರಿಂದ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಕೋಳಿ ತಿನ್ನುವುದು ಬಿಟ್ಟರು, ಸೊಳ್ಳೆಯನ್ನು ಅದರ ಪಾಡಿಗೆ ಬಿಟ್ಟರು. ನಾನು ಬೋರ್ಡಿನ ಮೇಲೆ ಆಫ್ರಿಕಾದ ನಕ್ಷೆ ಬರೆದು, 1952ರಲ್ಲಿ ಈಗಿನ ಟಾಂಜಾನಿಯಾದಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿದರು, ಅಲ್ಲಿನ ಮಕೊಂಡೆ ಜನರ ಭಾಷೆಯಲ್ಲಿ ಆ ಮಾತಿಗೆ ‘ಬಗ್ಗಿಸುವಂಥದ್ದು’ ಎಂದರ್ಥ, ಕೋಳಿಗೂ ಅದಕ್ಕೂ ಸಂಬಂಧವಿಲ್ಲ ಅಂದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, “ಹಂಗಾದ್ರೆ ಬಗ್ಸೋ ಜ್ವರ ಅನ್ನಿ ಸಾರ್” ಅಂದ. ನಾನು ಮಾಡಿದ ಅರ್ಧ ಗಂಟೆಯ ಪಾಠಕ್ಕಿಂತ ಅವನ ಎರಡು ಮಾತು ಬೇಗ ಊರು ಸುತ್ತಿತು.

ನನ್ನಜ್ಜಿ ಪ್ಲೇಗಿನ ಕತೆ ಹೇಳುತ್ತಿದ್ದಳು. 1898ರಲ್ಲಿ ಮೈಸೂರು ಸೀಮೆಗೆ ಕಾಲಿಟ್ಟ ಆ ಮಾರಿ ವರ್ಷಗಟ್ಟಲೆ ಕಾಡಿತು. ಮನೆಯಲ್ಲಿ ಇಲಿ ಬಿದ್ದರೆ ಜನ ಯಾರನ್ನೂ ಕೇಳದೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರಂತೆ. ಸತ್ತ ಇಲಿಯೇ ಡಂಗುರ. ಚಿಕುನ್‌ಗುನ್ಯಾಕ್ಕೆ ಅಂಥ ಡಂಗುರ ಇರಲಿಲ್ಲ. ನಮ್ಮ ದೇಶದಲ್ಲಿ ಅದು ಹಿಂದೆ ಕಾಣಿಸಿಕೊಂಡದ್ದು 1973ರಲ್ಲಿ, ಹಾಗಾಗಿ ಅದರ ಕತೆ ಗೊತ್ತಿದ್ದ ಅಜ್ಜಿಯೂ ಇರಲಿಲ್ಲ.

ಆಟೋದಲ್ಲಿ ಮೈಕು ಕಟ್ಟಿಕೊಂಡು ಬಂದವರು “ಶೇಖರಿಸಿದ ನೀರನ್ನು ಚೆಲ್ಲಿ” ಎಂದು ಕೂಗಿ ಹೋದರು. ನಮ್ಮ ಬೀದಿಯ ಮುದುಕಮ್ಮ ನರ್ಸಮ್ಮನನ್ನು ತಡೆದು ನಿಲ್ಲಿಸಿ, “ಮೂರು ದಿನಕ್ಕೊಂದ್ಸಲ ಬರೋ ನೀರ್ನ ಚೆಲ್ಲು ಅಂತೀಯಲ್ಲ ತಾಯಿ, ಕುಡಿಯಾಕೆ ನೀನು ತಂದ್ಕೊಡ್ತೀಯಾ?” ಅಂದಳು. ನರ್ಸಮ್ಮ ವಾದ ಮಾಡಲಿಲ್ಲ. ಜಗಲಿ ಮೇಲೆ ಕೂತು, ಹಳೇ ಪಂಚೆ ಇದೆಯಾ ಎಂದು ಕೇಳಿ, ಡ್ರಮ್ಮಿನ ಬಾಯಿಗೆ ಬಿಗಿಯಾಗಿ ಕಟ್ಟಿ ತೋರಿಸಿದಳು. ಚೆಲ್ಲಬೇಡಿ, ಮುಚ್ಚಿ, ವಾರಕ್ಕೊಮ್ಮೆ ಡ್ರಮ್ಮು ಬರಿದಾದಾಗ ಒಳಗೋಡೆ ಉಜ್ಜಿ, ಅಲ್ಲಿ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ ಅಂದಳು. ಚಿಪ್ಪಿನ ಮಾತೂ ಹಾಗೆಯೇ. ಬಿಸಾಕಿ ಅಂದಿದ್ದರೆ ಯಾರು ಕೇಳುತ್ತಿದ್ದರು? ಬೋರಲು ಹಾಕಿ ಅಂದಳು. ಕೇಳಿದರು.

ಮಕ್ಕಳದು ಇನ್ನೊಂದು ದಾರಿ. ಚಿಪ್ಪಿನ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ, ಬಾಯಿಗೆ ಬಟ್ಟೆ ಕಟ್ಟಿ ಕಿಟಕಿಯಲ್ಲಿಟ್ಟೆವು. ತೇಲಿ ಮುಳುಗಿ ನುಲಿಯುತ್ತಿದ್ದ ಹುಳಗಳು ವಾರ ಕಳೆಯುವಷ್ಟರಲ್ಲಿ ಸೊಳ್ಳೆಗಳಾಗಿ ಬಟ್ಟೆಯ ಕೆಳಗೆ ಕೂತಿದ್ದವು, ಕಾಲಿಗೆ ಬಿಳಿ ಪಟ್ಟೆ. ಇದು ಹಗಲು ಕಚ್ಚುವ ಈಡಿಸ್ ಸೊಳ್ಳೆ. ಲೋಟ ಮನೆಯಿಂದ ಮನೆಗೆ ಹೋಯಿತು. “ನೀರುಹುಳ ಬಿಡೋ, ಏನೂ ಮಾಡಲ್ಲ” ಎನ್ನುತ್ತಿದ್ದ ಅಜ್ಜಿಯರು ಕನ್ನಡಕ ಹಾಕಿಕೊಂಡು ನೋಡಿ ಸುಮ್ಮನಾದರು. ಕಣ್ಣಿಗೆ ಕಂಡದ್ದನ್ನು ನಮ್ಮವರು ನಂಬುತ್ತಾರೆ. 2001ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದಲ್ಲೇ ಮಲೇರಿಯಾ ಪೀಡಿತ ಜಿಲ್ಲೆಯೊಂದರಲ್ಲಿ ಎರಡು ವಾರ ಸಂಜೆ ಹೊತ್ತು ಕಲಾಜಾಥಾ ಆಡಿದ್ದರು. ತಿಳಿನೀರಿನಲ್ಲೂ ಸೊಳ್ಳೆ ಹುಟ್ಟುತ್ತದೆ ಎಂದು ಆಟದಲ್ಲಿ ಕಂಡ ಜನ ಮರುವರ್ಷ ಹುಳ ತಿನ್ನುವ ಮೀನು ಬಿಡುವುದಕ್ಕೆ ತಾವೇ ಕೈಜೋಡಿಸಿದರು.

2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಸಾರಿತು. ಸೊಳ್ಳೆ ಬೆಳೆಯಲು ಬಿಟ್ಟ ಹಳ್ಳಿಮನೆಗೆ 200 ರೂಪಾಯಿ, ಪಟ್ಟಣದ ಮನೆಗೆ 400 ರೂಪಾಯಿ ದಂಡ. ಕಟ್ಟಡ ಕಟ್ಟುವವರಿಗೆ ದಂಡ ಸರಿ. ಆದರೆ ದಂಡದ ಚೀಟಿ ಹಿಡಿದು ಬಂದವರಿಗೆ ಮುದುಕಮ್ಮ ಹಿತ್ತಿಲ ಬಾಗಿಲು ತೆಗೆಯುತ್ತಾಳೆಯೇ? ನನಗೆ ಅನುಮಾನ.

ಅದೇ ಮಳೆಗಾಲ ಪಕ್ಕದ ಮನೆಯ ಹುಡುಗನಿಗೆ ಜ್ವರ ಬಂತು, ಪರೀಕ್ಷೆಯಲ್ಲಿ ಡೆಂಗಿ ಅಂತ ಗೊತ್ತಾಯಿತು. ಮೊಬೈಲಿನಲ್ಲಿ ಪರಂಗಿ ಎಲೆ ರಸದ ಸಂದೇಶಗಳು ಬಂದದ್ದೇ ಬಂದದ್ದು. ನಾಲ್ಕನೇ ದಿನ ಮೈ ತಣ್ಣಗಾಯಿತು. ಮನೆಯವರು ದೇವರಿಗೆ ಕಾಯಿ ಒಡೆದರು. ಆಶಾ ಕಾರ್ಯಕರ್ತೆ ಮಾತ್ರ ಅವತ್ತೂ ಬಂದಳು. “ಜ್ವರ ಬಿಟ್ಟ ಮ್ಯಾಲೇ ಹುಷಾರಾಗಿರ್ಬೇಕು ಅಕ್ಕಾ. ಬೆಳಗಿಂದ ಒಂದಕ್ಕೆ ಎಷ್ಟು ಸಲ ಹೋದ? ಹೊಟ್ಟೆ ನೋವು ಅಂತಾನಾ?” ಹುಡುಗ ಬೆಳಗಿನಿಂದ ಎರಡು ಸಲ ವಾಂತಿ ಮಾಡಿದ್ದ, ಹೊಟ್ಟೆ ಹಿಡಿದುಕೊಂಡು ಮಲಗಿದ್ದ, ಒಂದಕ್ಕೆ ಹೋಗಿರಲೇ ಇಲ್ಲ. ಡೆಂಗಿಯಲ್ಲಿ ರಕ್ತನಾಳದಿಂದ ನೀರಿನಂಶ ಸೋರುವ ಅಪಾಯ ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೇ ಬರುತ್ತದೆ. ಮೈಕೈ ನೋವಿಗೆಂದು ಅಂಗಡಿಯಲ್ಲಿ ತಂದಿಟ್ಟಿದ್ದ ಮಾತ್ರೆಯನ್ನು ಅವಳು ತೆಗೆದಿಡಿಸಿದಳು. ಆಸ್ಪಿರಿನ್, ಐಬುಪ್ರೊಫೆನ್ ಥರದವು ರಕ್ತಸ್ರಾವಕ್ಕೆ ದಾರಿ ಮಾಡಿಕೊಡುತ್ತವೆ, ಕೊಡುವುದಾದರೆ ಪ್ಯಾರಸಿಟಮಾಲ್ ಒಂದೇ. ಅರ್ಧ ಗಂಟೆಯೊಳಗೆ ಆಟೋ ತರಿಸಿ ತಿಪಟೂರಿನ ಆಸ್ಪತ್ರೆಗೆ ಕಳಿಸಿದಳು. ಬೇರೆ ಯಾರಾದರೂ ಹೇಳಿದ್ದರೆ ಆ ತಾಯಿ ಹೊರಡುತ್ತಿರಲಿಲ್ಲವೇನೋ. ಈ ಹುಡುಗಿ ನಮ್ಮೂರ ಸೊಸೆ, ಬಾಣಂತನದಲ್ಲಿ ಮನೆಗೆ ಬಂದು ಹೋಗಿದ್ದವಳು.

ಹುಡುಗ ಐದು ದಿನ ಡ್ರಿಪ್ಪಿನಲ್ಲಿದ್ದು ಮನೆಗೆ ಬಂದ. ಈಗ ಬೀದಿಯಲ್ಲಿ ಯಾರ ಮಗುವಿಗೆ ಜ್ವರ ಅಂದರೂ ಅವನ ತಾಯಿ ಮೊದಲು ಕೇಳುವುದು ಜ್ವರ ಎಷ್ಟಿದೆ ಅಂತಲ್ಲ, “ಒಂದಕ್ಕೆ ಹೋಯ್ತಾ?” ಅಂತ.