ಕಂಬ ಒಡೆಯುವ ಶುಕ್ರವಾರ

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಕ್ಯಾಲೆಂಡರಿನಲ್ಲಿ ಜುಲೈ 25ರ ಚೌಕದೊಳಗೆ ಒಂದು ಕೆಂಪು ಪ್ರಾಣಿ ಕೂತಿದೆ. ನಾನು ಬೆಕ್ಕು ಅಂದುಕೊಂಡಿದ್ದೆ. "ಅಜ್ಜಾ, ಅದು ನರಸಿಂಹ!" ಎಂದು ಮೊಮ್ಮಗ ಮುಖ ಊದಿಸಿಕೊಂಡ. ಅವನಿಗೆ ಒಂಬತ್ತು ವರ್ಷ, ನನಗೆ 74. ಒಂದು ತಿಂಗಳಿಂದ ಇಬ್ಬರೂ ಒಂದೇ ದಿನಕ್ಕೆ ಕಾಯುತ್ತಿದ್ದೇವೆ.

ನಾನು ಬೈಲಹೊಂಗಲದವನು. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾದೆ. ಸವದತ್ತಿ, ರಾಮದುರ್ಗ, ಕಿತ್ತೂರು ಎಂದು ಸುತ್ತಿ ಕೊನೆಗೆ ನಮ್ಮೂರಿನಲ್ಲೇ ನಿವೃತ್ತನಾದೆ. ಈಗ ನಾನೂ ನಮ್ಮ ಮನೆಯವಳೂ ಅಮೆರಿಕದ ಓಹಾಯೊ ರಾಜ್ಯದಲ್ಲಿ, ಡೇಟನ್ ಎಂಬ ಊರಿನ ಹತ್ತಿರ ಮಗನ ಮನೆಯಲ್ಲಿದ್ದೇವೆ. ಇಲ್ಲಿ ಬೆಳಗಿನ ಹತ್ತು ಗಂಟೆಯಾದಾಗ ಬೈಲಹೊಂಗಲದಲ್ಲಿ ಸಂಜೆ ಏಳೂವರೆ. ಈ ಒಂಬತ್ತೂವರೆ ತಾಸಿನ ಅಂತರವೇ ಮೊಮ್ಮಗನಿಗೆ ದೊಡ್ಡ ಚಿಂತೆ. ಊರಿನಲ್ಲಿರುವ ನನ್ನ ತಮ್ಮನ ಮೊಮ್ಮಗಳು ಇವನಿಗಿಂತ ಮೊದಲೇ ಸಿನಿಮಾ ನೋಡಿ, ಫೋನ್ ಮಾಡಿ ಕಥೆ ಹೇಳಿಬಿಟ್ಟರೆ? ಪ್ರಹ್ಲಾದನ ಕಥೆ ಯಾರಿಗೆ ಗೊತ್ತಿಲ್ಲ ಎಂದು ನಾನು ನಕ್ಕರೆ ಅವನು ಒಪ್ಪುವುದಿಲ್ಲ.

ಸಿನಿಮಾದ ಹೆಸರು 'ಮಹಾವತಾರ ನರಸಿಂಹ'. ಅಶ್ವಿನ್ ಕುಮಾರ್ ಎಂಬವರು ನಿರ್ದೇಶಿಸಿದ್ದಾರೆ, ನಮ್ಮ ಬೆಂಗಳೂರಿನ ಹೊಂಬಾಳೆ ಫಿಲಂಸ್‌ನವರು ಅರ್ಪಿಸುತ್ತಿದ್ದಾರೆ. ನಟರು ವೇಷ ಹಾಕಿ ಮಾಡಿದ ಚಿತ್ರವಲ್ಲ ಇದು, ಎಲ್ಲವೂ ಕಂಪ್ಯೂಟರಿನಲ್ಲಿ ಬರೆದ ಬೊಂಬೆಗಳು. ಪರದೆಯ ಮೇಲೆ ಸೆಕೆಂಡಿಗೆ 24 ಚಿತ್ರ ಓಡುತ್ತವೆ ಎಂದು ನಾನು ಹೇಳಿದೆ. ಎರಡು ತಾಸಿನ ಸಿನಿಮಾಕ್ಕೆ ಎಷ್ಟಾಯಿತು ಎಂದು ಅವನು ಕೇಳಿದ. ಬಾಯಿಲೆಕ್ಕದಲ್ಲಿ 1,72,800 ಎಂದೆ. ಫೋನಿನಲ್ಲಿ ತಾಳೆ ನೋಡಿ ಬೆರಗಾದ. ಗುಮಾಸ್ತನಾಗಿದ್ದಕ್ಕೆ ಅಮೆರಿಕದಲ್ಲಿ ಸಿಕ್ಕ ಮರ್ಯಾದೆ ಇದೊಂದೇ.

ಇಂಥ ಏಳು ಸಿನಿಮಾ ಮಾಡುತ್ತಾರಂತೆ. ಎರಡನೆಯದು ಪರಶುರಾಮನದು, 2027ರಲ್ಲಿ. ಕೊನೆಯದು 2037ರಲ್ಲಿ. ಆಗ ಇವನಿಗೆ 21, ನನಗೆ 86. ಆ ಲೆಕ್ಕವನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಪರಶುರಾಮನ ಕಥೆಯನ್ನಂತೂ ಮುಂಗಡವಾಗಿ ಹೇಳಿಟ್ಟಿದ್ದೇನೆ. ಅವನ ತಾಯಿ ರೇಣುಕೆಯೇ ನಮ್ಮ ಸವದತ್ತಿ ಗುಡ್ಡದ ಎಲ್ಲಮ್ಮ. ನಾನು ಸವದತ್ತಿಯಲ್ಲಿದ್ದಾಗ ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಮುಗಿದ ಮರುದಿನ ಅಂಗಡಿಯವರು ಕಟ್ಟುಗಟ್ಟಲೆ ನೋಟು ತರುತ್ತಿದ್ದರು. ಪ್ರತಿ ನೋಟಿಗೂ ಭಂಡಾರ ಮೆತ್ತಿರುತ್ತಿತ್ತು. ಎಣಿಸಿ ಎಣಿಸಿ ಸಂಜೆಗೆ ನಮ್ಮ ಹತ್ತೂ ಬೆರಳು ಹಳದಿ. ಊಟಕ್ಕೆ ಕೂತರೆ ಸಾರಿಗೆ ಬೇರೆ ಅರಿಷಿಣ ಬೇಡ ಎಂದು ನಮ್ಮ ಮನೆಯವಳು ಚೇಷ್ಟೆ ಮಾಡುತ್ತಿದ್ದಳು.

ಈಗ ಹೊಸ ಸಿನಿಮಾ ಎಂದರೆ ಜಗತ್ತಿಗೆಲ್ಲ ಒಂದೇ ದಿನ ಹೊಸದು. ನಮ್ಮ ಕಾಲದಲ್ಲಿ ಹಾಗಿರಲಿಲ್ಲ. ಬೆಂಗಳೂರಿನಲ್ಲಿ ಓಡಿ, ಹುಬ್ಬಳ್ಳಿಯಲ್ಲಿ ಓಡಿ, ಗೆರೆಗೆರೆ ಬಿದ್ದ ಮೇಲೆ ರೀಲುಗಳ ಡಬ್ಬಿ ಬಸ್ಸಿನ ಟಾಪಿನ ಮೇಲೆ ಕೂತು ನಮ್ಮೂರಿಗೆ ಬರುತ್ತಿದ್ದವು. ಆದರೂ ಅದು ನಮಗೆ ಹೊಸದೇ. ಬಂಡಿಗೆ ಎರಡೂ ಕಡೆ ಪೋಸ್ಟರ್ ಕಟ್ಟಿ ಓಣಿ ಓಣಿ ಕೂಗುತ್ತ, ಬಣ್ಣದ ಚೀಟಿ ತೂರುತ್ತ ಹೋಗುತ್ತಿದ್ದರು. ಚೀಟಿಗಾಗಿ ನಾವು ಬಂಡಿಯ ಹಿಂದೆ ಓಡುತ್ತಿದ್ದೆವು. 1961ರಲ್ಲಿ ಬಿ. ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ತೆರೆಕಂಡಿತು. ನಮ್ಮೂರಿಗೆ ಅದು ಯಾವಾಗ ಬಂತೋ, ನಾನಂತೂ ಕನ್ನಡ ಸಾಲೆಯ ಹುಡುಗ. ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡದ್ದು ನಮ್ಮ ಬೈಲಹೊಂಗಲದಲ್ಲಿ, ಅವಳ ಸಮಾಧಿ ಇರುವುದೂ ಅಲ್ಲೇ. ಆಟ ಬಿಟ್ಟ ಮೇಲೆ ನಮ್ಮವ್ವ ಸೀದಾ ಮನೆಗೆ ಬರಲಿಲ್ಲ. ಓಣಿಯ ನಾಲ್ಕು ಹೆಣ್ಣುಮಕ್ಕಳ ಜೊತೆ ಸಮಾಧಿಗೆ ಹೋಗಿ ಕೈಮುಗಿದು ಬಂದಳು. ಚೆನ್ನಮ್ಮನಾಗಿದ್ದ ಬಿ. ಸರೋಜಾದೇವಿಯವರು ಇದೇ ಜುಲೈ 14ರಂದು ಹೋಗಿಬಿಟ್ಟರು. ಸುದ್ದಿ ಓದಿ ನಾನು ಸುಮ್ಮನೆ ಕೂತಿದ್ದಾಗ ಮೊಮ್ಮಗ ಬಂದು, "ನಿಮಗ ಗೊತ್ತಿದ್ದವರೇನು?" ಎಂದು ಕೇಳಿದ. ಹೂಂ ಎಂದೆ.

ಶಾಲೆಗೆ ರಜೆ ಇರುವುದರಿಂದ ದಿನಾ ರಾತ್ರಿ ಅವನಿಗೆ ಕಥೆ. ಒಂದೇ ಕರಾರು: ಕಥೆ ಕನ್ನಡದಲ್ಲಿ, ಪ್ರಶ್ನೆಯೂ ಕನ್ನಡದಲ್ಲಿ. ಅವನಿಗೆ ಕನ್ನಡ ಪೂರಾ ತಿಳಿಯುತ್ತದೆ, ಆದರೆ ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಕಥೆ ನಿಲ್ಲಿಸಿಬಿಡುತ್ತೇನೆ ಎಂಬ ಹೆದರಿಕೆಗೆ ಎರಡು ವಾರದಲ್ಲಿ ಬಾಯಿ ತಿರುಗಿತು. ಬೆಳಗಾವಿ ಜಿಲ್ಲೆಯಲ್ಲೇ, ನಂದಗಡದ ಆಚೆ ಹಲಸಿಯಲ್ಲಿ ಭೂವರಾಹ ನರಸಿಂಹನ ಹಳೆಯ ಕಲ್ಲಿನ ಗುಡಿ ಇದೆ, ಊರಿಗೆ ಬಂದರೆ ತೋರಿಸುತ್ತೇನೆ ಎಂದು ಆಸೆ ಹಚ್ಚಿದ್ದೇನೆ.

ಹಿರಣ್ಯಕಶಿಪು ಬೇಡಿದ ವರ ಅವನಿಗೆ ಒಗಟಿನ ಹಾಗೆ ಹಿಡಿಸಿತು. ಮನುಷ್ಯನಿಂದ ಸಾವು ಬರಬಾರದು, ಪ್ರಾಣಿಯಿಂದ ಬರಬಾರದು. ಹಗಲೂ ಬೇಡ, ರಾತ್ರಿಯೂ ಬೇಡ. ಒಳಗೂ ಅಲ್ಲ, ಹೊರಗೂ ಅಲ್ಲ. ನೆಲದ ಮೇಲೂ ಅಲ್ಲ, ಆಕಾಶದಲ್ಲೂ ಅಲ್ಲ. ಯಾವ ಆಯುಧವೂ ತಾಗಬಾರದು.

"ರೋಬೋಟ್ ಕಳಿಸಿದ್ರ?" ಎಂದ ಮೊಮ್ಮಗ.

ಯೋಚಿಸಿದೆ. ರೋಬೋಟು ಮನುಷ್ಯನೂ ಅಲ್ಲ, ಪ್ರಾಣಿಯೂ ಅಲ್ಲ. ಹಿರಣ್ಯಕಶಿಪು ಅದನ್ನು ಬಿಟ್ಟಿದ್ದು ನಿಜ. "ಆಗ ಕರೆಂಟ್ ಇರಲಿಲ್ಲಪ್ಪಾ" ಎಂದು ಪಾರಾದೆ.

ಒಳಗೂ ಅಲ್ಲ ಹೊರಗೂ ಅಲ್ಲ ಎಂಬಲ್ಲಿಗೆ ಬಂದು, "ಹೊಸ್ತಿಲ ಮೇಲೆ" ಎಂದೆ. "ಹೊಸ್ತಿಲಂದ್ರ ಏನು?" ಎಂದ. ತೋರಿಸೋಣವೆಂದು ಎದ್ದು ಬಾಗಿಲಿಗೆ ಹೋದರೆ ಈ ಮನೆಗೆ ಹೊಸ್ತಿಲೇ ಇಲ್ಲ. ಒಂದು ಲೋಹದ ಪಟ್ಟಿ, ಅದರ ಮೇಲೆ ಕಾಲೊರಸು. ಕಾಗದದ ಮೇಲೆ ಬರೆದು ತೋರಿಸಿದೆ: ಎರಡು ಕಡೆ ಚೌಕಟ್ಟು, ಕೆಳಗೆ ದಪ್ಪನೆಯ ಕಲ್ಲು, ಮೇಲೆ ರಂಗೋಲಿ, ಬೆಳಿಗ್ಗೆ ಹಚ್ಚಿದ ಅರಿಷಿಣ ಕುಂಕುಮ. ಬರೆಯುತ್ತ ಬರೆಯುತ್ತ ತಿಳಿಯಿತು, ನಾನು ಬರೆಯುತ್ತಿರುವುದು ರಾಮದುರ್ಗದಲ್ಲಿ ನಾವು ಬಾಡಿಗೆಗಿದ್ದ ಮನೆಯ ಬಾಗಿಲನ್ನು. ಆ ಹೊಸ್ತಿಲ ಮೇಲೆ ಒಬ್ಬ ಹುಡುಗ ಕೂತಿದ್ದ.

1987ರ ಡಿಸೆಂಬರ್ ಕೊನೆಯ ವಾರ. 'ಭಕ್ತ ಪ್ರಹ್ಲಾದ' 1983ರ ಸಿನಿಮಾ, ನಮ್ಮಲ್ಲಿಗೆ ಮತ್ತೊಂದು ಸುತ್ತು ಬಂದಿತ್ತು. ರಾಜಕುಮಾರ್ ಹಿರಣ್ಯಕಶಿಪು, ಅವರ ಮಗನೇ ಪ್ರಹ್ಲಾದ, ಆಗಿನ್ನೂ ಮಾಸ್ಟರ್ ಲೋಹಿತ್, ಮುಂದೆ ಪುನೀತ್ ಆದವರು. ನನ್ನ ಮಗನಿಗೆ ಏಳು ವರ್ಷ. ಕಂಬ ಒಡೆಯುವುದನ್ನು ನೋಡಿ ಬಂದ ಗೆಳೆಯರು ಅವನ ತಲೆ ಕೆಡಿಸಿದ್ದರು. ದಿನಾ ಕೇಳುತ್ತಿದ್ದ, ದಿನಾ ನಾಳೆ ಎನ್ನುತ್ತಿದ್ದೆ. ಶುಕ್ರವಾರ ಸಿನಿಮಾ ಬದಲಾಗುತ್ತದೆ. ಗುರುವಾರ ಕೊನೆಯ ದಿನ, ಫಸ್ಟ್ ಶೋಕ್ಕೆ ಖಂಡಿತ ಎಂದು ಮಾತು ಕೊಟ್ಟೆ. ಆ ಗುರುವಾರ ಡಿಸೆಂಬರ್ 31 ಎಂಬುದು ನನಗೆ ನೆನಪಿರಲಿಲ್ಲ ಎಂದರೆ ಯಾವ ಬ್ಯಾಂಕಿನವನೂ ನಂಬುವುದಿಲ್ಲ. ನೆನಪಿತ್ತು. ಆಗ ಬ್ಯಾಂಕುಗಳ ವರ್ಷ ಮುಗಿಯುತ್ತಿದ್ದುದು ಡಿಸೆಂಬರಿಗೆ. ಕೆಲಸ ಐದಕ್ಕೇ ಮುಗಿಸುತ್ತೇನೆ ಎಂಬ ಹುಂಬ ಧೈರ್ಯ, ಅಷ್ಟೆ.

ಎಲ್ಲ ಕೈಲೆಕ್ಕದ ಕಾಲ. ಉಳಿತಾಯ ಖಾತೆಯ ಲೆಡ್ಜರುಗಳ ಮೊತ್ತವೂ ಜನರಲ್ ಲೆಡ್ಜರಿನ ಮೊತ್ತವೂ ಒಂದಾಗಬೇಕು. ಆಗಲಿಲ್ಲ. 27 ರೂಪಾಯಿ ವ್ಯತ್ಯಾಸ. ನನ್ನ ಕಿಸೆಯಿಂದ ಹಾಕಿ ಮುಗಿಸುತ್ತೇನೆ ಎನ್ನುವ ಹಾಗಿಲ್ಲ, ತಪ್ಪು ಸಿಗಲೇಬೇಕು. ಮಕ್ಕಳೇ, ನಮ್ಮ ಕಸುಬಿನ ಒಂದು ಗುಟ್ಟು ಹೇಳುತ್ತೇನೆ. ವ್ಯತ್ಯಾಸ 9ರಿಂದ ಭಾಗವಾದರೆ ಯಾರೋ ಅಂಕಿಗಳನ್ನು ಹಿಂದುಮುಂದು ಬರೆದಿದ್ದಾರೆ ಎಂದು ಸಂಶಯಪಡಬೇಕು. 27ನ್ನು 9ರಿಂದ ಭಾಗಿಸಿದರೆ 3. ಅಂದರೆ ಒಂದಕ್ಕೊಂದು 3 ಹೆಚ್ಚುಕಡಿಮೆ ಇರುವ ಅಂಕಿಗಳ ಜೋಡಿ ಹುಡುಕಬೇಕು: 41 ಇದ್ದದ್ದು 14 ಆಗಿರಬಹುದು, 63 ಇದ್ದದ್ದು 36. ನೀವೂ ಕಳೆದು ನೋಡಿರಿ. ಗುಟ್ಟು ಸುಲಭ, ಆದರೆ ಹುಡುಕಬೇಕಾದ ಪುಟಗಳು ಸಾವಿರಾರು. ಆರಾಯಿತು, ಏಳಾಯಿತು. ಪಕ್ಕದ ಮನೆಯವರು ತಮ್ಮ ಮಕ್ಕಳ ಜೊತೆ ಇವನನ್ನೂ ಕರೆದರಂತೆ. "ಅಪ್ಪ ಬರ್ತೇನಂದಾನ" ಎಂದು ಇವನು ಹೋಗಲಿಲ್ಲ. ತಪ್ಪು ಸಿಕ್ಕಿದ್ದು ರಾತ್ರಿ ಹತ್ತೂಮುಕ್ಕಾಲಿಗೆ. 85 ಎಂದು ಇರಬೇಕಾದಲ್ಲಿ 58. ಅಕ್ಷರ ಯಾರದೆಂದು ನೋಡುವ ಅಗತ್ಯವಿರಲಿಲ್ಲ. ನನ್ನದೇ.

ಮನೆಗೆ ಬಂದಾಗ ಹೊಸ ಅಂಗಿ ತೊಟ್ಟು, ಬೂಟು ಹಾಕಿಕೊಂಡು, ಚೌಕಟ್ಟಿಗೆ ತಲೆ ಆನಿಸಿ ಹೊಸ್ತಿಲ ಮೇಲೇ ಮಲಗಿದ್ದ. ಒಳಗೆ ಬಾ ಎಂದು ಅವರವ್ವ ಎಷ್ಟು ಕರೆದರೂ ಬಂದಿರಲಿಲ್ಲ. ಅವನನ್ನು ಎತ್ತಿ ಹಾಸಿಗೆಯ ಮೇಲೆ ಹಾಕಿ ಬೂಟು ಬಿಚ್ಚಿದೆ. ಮರುದಿನ ಥಿಯೇಟರಿನ ಮುಂದೆ ಬೇರೆ ಪೋಸ್ಟರ್. ಅವನೂ ಆ ಮಾತು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಹಾಗೆಯೇ 38 ವರ್ಷ ಕಳೆದವು.

ಈಗ ಇಲ್ಲಿಯ ಮಾತು. ನಮ್ಮ ನಾಡಿನಲ್ಲಿ ಈ ಸಿನಿಮಾ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಬರುತ್ತಿದೆ. ಮಗ ಎಷ್ಟು ಹುಡುಕಿದರೂ ನಮಗೆ ಸಮೀಪದಲ್ಲಿ ಸಿಕ್ಕಿದ್ದು ಹಿಂದಿಯ ಆಟ ಮಾತ್ರ, ಅದೂ ಕಾರಿನಲ್ಲಿ ಒಂದು ತಾಸಿನ ದಾರಿ. ನನಗೆ ಬೇಸರವಾಯಿತು. "ಕಥಿ ನೀವು ಕನ್ನಡದಾಗ ಹೇಳೀರಲ್ಲ ಅಜ್ಜಾ" ಎಂದು ಮೊಮ್ಮಗನೇ ಸಮಾಧಾನ ಮಾಡಿದ.

ಆದರೆ ಕಳೆದ ವಾರ ಊಟಕ್ಕೆ ಕೂತಾಗ ಮಗ ಹೇಳಿದ: "ಅಪ್ಪಾ, ಶುಕ್ರವಾರ ನನಗ ಆಗೂದಿಲ್ರಿ. ಆಫೀಸಿನಾಗ ಹೊಸಾ ಸಾಫ್ಟ್‌ವೇರ್ ಚಾಲೂ ಮಾಡೂದೈತಿ, ರಾತ್ರಿ ಆಗತೈತಿ. ನೀವೆಲ್ಲಾ ಹೋಗಿ ಬರ್ರಿ." ಮೊಮ್ಮಗ ಚಮಚ ಕೆಳಗಿಟ್ಟ. ಅಳಲಿಲ್ಲ, ಹಟ ಮಾಡಲಿಲ್ಲ. "ಓಕೆ" ಎಂದಷ್ಟೇ ಹೇಳಿ ಎದ್ದು ಹೋದ.

ಮಗನಿಗೆ ಬುದ್ಧಿ ಹೇಳುವ ಹಕ್ಕು ನನಗೆ ಇತ್ತೇ? ಎರಡು ದಿನ ಸುಮ್ಮನಿದ್ದೆ. ಮೂರನೆಯ ರಾತ್ರಿ ಎಲ್ಲರೂ ಮಲಗಿದ ಮೇಲೆ ಅವನು ಅಡಿಗೆಮನೆಯಲ್ಲಿ ಪಾತ್ರೆ ಜೋಡಿಸುತ್ತಿದ್ದ. ಬುದ್ಧಿ ಹೇಳಲಿಲ್ಲ, 27 ರೂಪಾಯಿಯ ಕಥೆ ಹೇಳಿದೆ. 85 ಹೋಗಿ 58 ಆದದ್ದು, ಅಕ್ಷರ ನನ್ನದೇ ಆಗಿದ್ದು, ಎಲ್ಲ. ಅವನು ಕೈಯಲ್ಲಿದ್ದ ತಾಟನ್ನು ಒರೆಸುತ್ತಲೇ ಇದ್ದ.

"ಬೂಟಿನ ಲೇಸು ಗಂಟು ಬಿದ್ದಿತ್ತು" ಎಂದ. "ಬಿಚ್ಚಾಕ ನೀವು ಭಾಳ ಹೊತ್ತು ತಗೊಂಡ್ರಿ."

"ನಿನಗ ಹೆಂಗ ಗೊತ್ತು? ನಿದ್ದಿ ಹತ್ತಿತ್ತಲ್ಲ ನಿನಗ?"

"ನಿದ್ದಿ ಎಲ್ಲೀದ್ರಿ. ಸಿಟ್ಟು ಬಂದಿತ್ತು, ಕಣ್ಣು ಮುಚ್ಚಿದ್ದೆ."

ಮತ್ತೇನೂ ಮಾತಾಡಲಿಲ್ಲ ನಾವು. ಅವನು ತಾಟು ಇಟ್ಟ, ದೀಪ ಆರಿಸಿದ, ಮಲಗಲು ಹೋದೆವು. ಮರುದಿನ ಮಧ್ಯಾಹ್ನ ಆಫೀಸಿನಿಂದ ಫೋನ್ ಬಂತು. ಜೊತೆಯವನೊಬ್ಬ ಶುಕ್ರವಾರದ ಪಾಳಿ ತಗೊಳ್ಳಲು ಒಪ್ಪಿದ್ದಾನೆ, ಬದಲಿಗೆ ಅವನ ಶನಿವಾರ ಭಾನುವಾರ ಎರಡೂ ಇವನ ಪಾಲಿಗೆ. ಸೊಸೆಗೆ ಇದು ನಷ್ಟದ ವ್ಯಾಪಾರ ಎನಿಸಿದೆ, ಲೆಕ್ಕ ನೋಡಿದರೆ ಅವಳು ಹೇಳುವುದು ಸರಿ. ಐದು ಟಿಕೆಟ್ ತೆಗೆದಾಗಿದೆ.

ಇವತ್ತು ಬುಧವಾರ. ನಾಳೆ ಅಮಾವಾಸ್ಯೆ, ಶುಕ್ರವಾರದಿಂದ ಶ್ರಾವಣ. ನಮ್ಮ ಮನೆಯವಳು ಪಂಚಮಿಯ ಉಂಡಿಗೆ ಎಳ್ಳು, ಶೇಂಗಾ ಹುರಿಯುತ್ತಿದ್ದಾಳೆ, ಹೊಗೆಯ ಅಲಾರಂ ಎರಡು ಸಲ ಕೂಗಿತು. ಸಿನಿಮಾಕ್ಕೆ ನಾಲ್ಕು ಉಂಡಿ ಕಿಸೆಯಲ್ಲಿ ಒಯ್ಯಬಹುದೇ ಎಂದು ಕೇಳಿದರೆ, ಹೊರಗಿನ ತಿನಿಸು ಒಳಗೆ ಬಿಡುವುದಿಲ್ಲ ಎಂದು ಸೊಸೆ ಹೇಳುತ್ತಾಳೆ. ನನ್ನ ಕಿಸೆ ಯಾರು ನೋಡುತ್ತಾರೆ?

ಶೋ ಇರುವುದು ಶುಕ್ರವಾರ ಸಂಜೆ ಆರೂವರೆಗೆ. ಐದಕ್ಕೇ ಹೊರಡಬೇಕು ಎಂದು ಮಗ ಇವತ್ತೇ ಮೂರು ಸಲ ಹೇಳಿದ್ದಾನೆ. ಮೊಮ್ಮಗ ತನ್ನ ಬೂಟುಗಳನ್ನು ತಂದು ಬಾಗಿಲ ಪಟ್ಟಿಯ ಹತ್ತಿರ ಸಾಲಾಗಿ ಇಟ್ಟಿದ್ದಾನೆ. ಅವುಗಳ ಪಕ್ಕಕ್ಕೆ ಅವನಪ್ಪನ ಬೂಟು, ಅದರ ಪಕ್ಕಕ್ಕೆ ನನ್ನ ಚಪ್ಪಲಿ. ನಾನು ಬೆಳಿಗ್ಗೆ ವಾಕಿಂಗಿಗೆ ಹಾಕಿಕೊಂಡು ಹೋಗಿ ಬಂದು ಬೇರೆ ಕಡೆ ಬಿಟ್ಟರೆ, ಮತ್ತೆ ಅದೇ ಜಾಗಕ್ಕೆ ತಂದಿಡುತ್ತಾನೆ.