ಸೋರುವ ಕಿವಿ, ಸವೆಯುವ ಮೂಳೆ

ನಮ್ಮ ಕಾಲದ ಹಳ್ಳಿಯ ಶಾಲೆಗಳಲ್ಲಿ ಕಿವಿ ಸೋರುವ ಮಗುವೊಂದಾದರೂ ಇಲ್ಲದ ತರಗತಿ ಇರಲಿಲ್ಲವೆಂದರೆ ಅತಿಶಯೋಕ್ತಿಯಾಗದು. ಮೂಗು ಸೋರುವಂತೆ ಕಿವಿ ಸೋರುವುದೂ ಬಾಲ್ಯಸಹಜವೆಂದೇ ಹಿರಿಯರ ಭಾವನೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ನಾಲ್ಕು ಹನಿ, ಮೇಲೊಂದು ಹತ್ತಿಯ ಉಂಡೆ. ಅಲ್ಲಿಗೆ ಚಿಕಿತ್ಸೆ ಮುಗಿಯಿತು. ದೊಡ್ಡವನಾದ ಮೇಲೆ ತಾನಾಗಿ ನಿಲ್ಲುತ್ತದೆಂಬ ಸಮಾಧಾನ ಬೇರೆ. ಈ ಮಾತು ಇಂದಿಗೂ ನಮ್ಮ ಮನೆಗಳಲ್ಲಿ ಕೇಳಿಬರುವುದರಿಂದ ಇದನ್ನು ಬರೆಯುತ್ತಿದ್ದೇನೆ.

1980ರ ದಶಕದಲ್ಲಿ ನನ್ನ ಎಂಟನೆಯ ತರಗತಿಯಲ್ಲಿ ಅಂಥ ಹುಡುಗನೊಬ್ಬನಿದ್ದ. ಅವನ ಎಡಗಿವಿಯಿಂದ ಬರುತ್ತಿದ್ದ ಕೀವು ಬಹಳ ಸ್ವಲ್ಪ. ಆದರೆ ಅದರ ದುರ್ವಾಸನೆಗೆ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ನೋವುಂಟೇ ಎಂದು ಕೇಳಿದರೆ "ಇಲ್ಲ ಸಾರ್" ಎನ್ನುತ್ತಿದ್ದ. ಒಂದು ಬೆಳಿಗ್ಗೆ ಅವನ ಮುಖದ ಎಡಭಾಗ ಜೋತುಬಿದ್ದಿತ್ತು, ಕಣ್ಣು ಮುಚ್ಚಲಾಗುತ್ತಿರಲಿಲ್ಲ. ಗಾಳಿ ಸೋಕಿದೆಯೆಂದು ಕೆಲವರು ಯಂತ್ರ ಕಟ್ಟಿಸಲು ಹೇಳಿದರು. ತಂದೆ ಮಾತ್ರ ಅವನನ್ನು ನಗರದ ಆಸ್ಪತ್ರೆಗೆ ಕರೆದೊಯ್ದರು. ನೋಡಲು ಹೋಗಿದ್ದ ನನಗೆ ಅಲ್ಲಿನ ವೈದ್ಯರು ಕಾಗದದ ಮೇಲೆ ಚಿತ್ರ ಬರೆದು ರೋಗವನ್ನು ವಿವರಿಸಿದರು. ಅಂದು ಕೇಳಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ.

ಕಿವಿಯ ತಮಟೆಯ ಹಿಂದಿರುವ ಪುಟ್ಟ ಕೋಣೆಯೇ ಮಧ್ಯಕಿವಿ. ಅದಕ್ಕೆ ಗಾಳಿ ಒದಗಿಸುವುದು ಮೂಗಿನ ಹಿಂಭಾಗಕ್ಕೆ ತೆರೆಯುವ ಯೂಸ್ಟೇಕಿಯನ್ ನಾಳ. ಈ ನಾಳ ಬಹುಕಾಲ ಸರಿಯಾಗಿ ತೆರೆಯದಿದ್ದರೆ ಒಳಗಿನ ಒತ್ತಡ ಕುಸಿದು, ತಮಟೆಯ ಮೇಲ್ಭಾಗದ ಸಡಿಲ ಪೊರೆ ಚೀಲದಂತೆ ಒಳಕ್ಕೆ ಎಳೆಯಲ್ಪಡುತ್ತದೆ. ಚರ್ಮವು ಎಲ್ಲಿದ್ದರೂ ತನ್ನ ಸತ್ತ ಪದರವನ್ನು ಉದುರಿಸುತ್ತಲೇ ಇರುತ್ತದೆ. ಆರೋಗ್ಯವಂತ ಕಿವಿಯಲ್ಲಿ ಅದು ಮೆಲ್ಲನೆ ಹೊರಕ್ಕೆ ಸಾಗುತ್ತದೆ. ಚೀಲದಲ್ಲಿ ಸಿಕ್ಕಿಬಿದ್ದರೆ ಅಲ್ಲೇ ರಾಶಿಯಾಗಿ ಕೊಳೆಯುತ್ತದೆ. ಇದಕ್ಕೆ ಕೊಲೆಸ್ಟಿಯಟೋಮ ಎಂದು ಹೆಸರು. ಜರ್ಮನಿಯ ಯೋಹಾನ್ನೆಸ್ ಮ್ಯುಲ್ಲರ್ 1838ರಲ್ಲಿ ಇಟ್ಟ ಈ ಹೆಸರು ಸರಿಯಾದುದಲ್ಲ. ಇದು ಕೊಲೆಸ್ಟರಾಲಿನ ಗಡ್ಡೆಯಲ್ಲ, ಇರಬಾರದ ಸ್ಥಳದಲ್ಲಿ ಬೆಳೆದ ಚರ್ಮ.

ಮೆತ್ತನೆಯ ಚರ್ಮ ಗಟ್ಟಿ ಮೂಳೆಯನ್ನು ಸವೆಸುವುದೆಂತು? ನಮ್ಮ ಮೂಳೆಗಳಲ್ಲಿ ಹಳೆಯದನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಹೊಂದಿಕೊಂಡು ಕೆಲಸ ಮಾಡುತ್ತವೆ. ಸೋಂಕು ತಗಲಿದ ಈ ಚೀಲದ ಉರಿಯೂತ ಕರಗಿಸುವವರನ್ನು ಕೆರಳಿಸುತ್ತದೆ. ಕಟ್ಟುವವರು ಹಿಂದೆ ಬೀಳುತ್ತಾರೆ. ರಾಶಿಯ ಒತ್ತಡವೂ ಕಿಣ್ವಗಳೂ ಅದಕ್ಕೆ ನೆರವಾಗುತ್ತವೆ. ಸುತ್ತಿಗೆ, ಅಡಿಗಲ್ಲು, ರಿಕಾಪುಗಳ ಆಕಾರದ ಮೂರು ಕಿರುಮೂಳೆಗಳಲ್ಲಿ ಸಾಮಾನ್ಯವಾಗಿ ಮೊದಲು ಸವೆಯುವುದು ಅಡಿಗಲ್ಲಿನ ತೆಳುವಾದ ಉದ್ದ ತುದಿ. ಅಲ್ಲಿ ರಕ್ತಸಂಚಾರ ಕಡಿಮೆ. ಶಬ್ದದ ಸೇತುವೆ ಮುರಿದು ಕಿವಿ ಮಂದವಾಗುತ್ತದೆ. ಸುತ್ತಣ ಗೋಡೆ ಸವೆದರೆ ಗಂಡಾಂತರ: ಒಂದು ಪಕ್ಕದಲ್ಲಿ ಮುಖದ ನರ, ಇನ್ನೊಂದೆಡೆ ದೇಹದ ಸಮತೋಲ ಕಾಯುವ ಅರ್ಧವೃತ್ತ ನಾಳ, ತೆಳು ಮೂಳೆಯ ಚಾವಣಿಯ ಮೇಲೆ ಮೆದುಳು. ಇಷ್ಟೆಲ್ಲ ನಡೆಯುವಾಗಲೂ ನೋವು ಇಲ್ಲದಿರಬಹುದು. ಕಿವಿನೋವಿಗೆ ಅಳುವ ಮಗುವನ್ನು ಎಲ್ಲರೂ ವೈದ್ಯರ ಬಳಿಗೆ ಒಯ್ಯುತ್ತಾರೆ. ಅಳದ ಮಗು ಹಿಂದುಳಿಯುತ್ತದೆ.

ಇಂಗ್ಲಿಷ್ ತರಗತಿಗಳಲ್ಲಿ ನೀವು ಓದಿದ ಸ್ವಾರ್ಥಿ ದೈತ್ಯನ ಕಥೆಯ ಕರ್ತೃ ಆಸ್ಕರ್ ವೈಲ್ಡ್ ತೀರಿಕೊಂಡದ್ದೂ ಕಿವಿಯ ರೋಗ ಮೆದುಳಿನ ಪೊರೆಗೆ ಹಬ್ಬಿ ಎನ್ನುತ್ತಾರೆ. ಬಲಗಿವಿ ಸೋರುತ್ತಿದೆ, ಶ್ರವಣ ಕುಂದುತ್ತಿದೆ ಎಂದು ಆತ 1896ರಲ್ಲಿ ರೀಡಿಂಗ್ ಸೆರೆಮನೆಯಿಂದ ಗೃಹಮಂತ್ರಿಗೆ ಮನವಿ ಬರೆದಿದ್ದ. 1900ರ ನವೆಂಬರ್ 30ರಂದು ಪ್ಯಾರಿಸಿನಲ್ಲಿ ಮರಣಹೊಂದಿದಾಗ ಅವನಿಗೆ 46 ವರ್ಷ. ಅದು ಕೊಲೆಸ್ಟಿಯಟೋಮವೇ ಆಗಿತ್ತೆಂದು ದಕ್ಷಿಣ ಆಫ್ರಿಕಾದ ಇಬ್ಬರು ವೈದ್ಯರು 2000ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವಾದಿಸಿದರು. ವಿಧಿವಿಲಾಸವೆಂದರೆ, ಅವನ ತಂದೆ ವಿಲಿಯಂ ವೈಲ್ಡ್ ಡಬ್ಲಿನ್‌ನ ಪ್ರಸಿದ್ಧ ಕಿವಿ ತಜ್ಞರು. 1853ರಲ್ಲಿ ಕಿವಿಯ ಶಸ್ತ್ರಚಿಕಿತ್ಸೆಯ ಬಗ್ಗೆ ಗ್ರಂಥವನ್ನೇ ಬರೆದಿದ್ದವರು.

ನಮ್ಮ ಹುಡುಗನಿಗೆ ಕಾಲ ಮಿಂಚಿರಲಿಲ್ಲ. ಕಿವಿಯ ಹಿಂದಿನ ಮೂಳೆಯನ್ನು ಕೊರೆದು ರೋಗವನ್ನು ತೆಗೆದರು. ಕೆಲವು ತಿಂಗಳಲ್ಲಿ ಮುಖ ಬಹುಮಟ್ಟಿಗೆ ಸರಿಹೋಯಿತು. ಆ ಕಿವಿಯ ಶ್ರವಣ ಮಾತ್ರ ಮರಳಲಿಲ್ಲ. ಮರಳಿ ಬಂದವನನ್ನು ತರಗತಿಯ ಎಡತುದಿಯಲ್ಲಿ, ಬಲಗಿವಿ ನನ್ನ ಕಡೆಗಿರುವಂತೆ ಮೊದಲ ಬೆಂಚಿನಲ್ಲಿ ಕೂರಿಸಿದೆ. ಮಂದಬುದ್ಧಿಯವನೆನಿಸಿಕೊಂಡಿದ್ದ ಹುಡುಗ ಆ ವರ್ಷ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ.

ಸೋರುವ ಕಿವಿಗಳೆಲ್ಲ ಹೀಗೆ ಮೂಳೆ ತಿನ್ನುವುದಿಲ್ಲ, ನಿಜ. ಆದರೆ ಯಾವುದು ತಿನ್ನುತ್ತಿದೆಯೆಂದು ಸೂಕ್ಷ್ಮದರ್ಶಕದಲ್ಲಿ ನೋಡಿದ ತಜ್ಞರು ಹೇಳಬೇಕೇ ಹೊರತು ನಾವಲ್ಲ. ಹನಿಔಷಧ ಕೀವನ್ನು ಒಣಗಿಸೀತು; ಒಳಗಿನ ಚೀಲವನ್ನು ತೆಗೆಯಲಾರದು. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು; ಮರುಕಳಿಸುವ ಸ್ವಭಾವವಿರುವುದರಿಂದ ಆಮೇಲೂ ಕೆಲವು ವರ್ಷ ತೋರಿಸುತ್ತಿರಬೇಕು. ಈಗ ತಂದೆತಾಯಿಯರೂ ಅಜ್ಜ ಅಜ್ಜಿಯರೂ ಆಗಿರುವ ನನ್ನ ವಿದ್ಯಾರ್ಥಿಗಳೇ, ಮಗುವಿನ ಕಿವಿಯಿಂದ ಪದೇ ಪದೇ ವಾಸನೆಯ ಕೀವು ಬಂದರೆ ಎಣ್ಣೆ ಬಿಡಬೇಡಿ, ನೋವಿಲ್ಲವೆಂದು ಸುಮ್ಮನಿರಬೇಡಿ. ಕಿವಿ, ಮೂಗು, ಗಂಟಲಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ತಲೆಸುತ್ತು ಬಂದರೆ ಅಥವಾ ಮುಖ ಸೊಟ್ಟಗಾದರೆ ಅಂದೇ ಹೊರಡಿರಿ.